ಬ್ರಷ್ಷಿನಿಂದ ಉದುರಿದ ಒಂದು ಕೂದಲು

ಆ ಸೋಮವಾರ ಬೆಳಗ್ಗೆಯೂ ನಾನು ಎಂದಿನಂತೆ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಕಾಯಲು ಇಟ್ಟೆ. ಕತ್ತರಿಸಿದ ಆ ಪುಟ್ಟ ತ್ರಿಕೋನ ದಿನವೂ ಎಲ್ಲಿಗೋ ಹಾರಿ, ಸಂಜೆ ಕಸ ಗುಡಿಸುವಾಗ ಫ್ರಿಜ್ಜಿನ ಕೆಳಗಿನಿಂದ ಹೊರಬರುತ್ತದೆ, ಅವತ್ತೂ ಹಾರಿತು. ಏಳೂಮುಕ್ಕಾಲರ ಮೈಸೂರು ಬಸ್ಸು ಹಿಡಿಯುವ ಯಜಮಾನರಿಗೆ ಊಟದ ಡಬ್ಬಿ, ಸ್ಕೂಲ್ ವ್ಯಾನು ಹತ್ತುವ ಮಗಳಿಗೆ ಎರಡು ಜಡೆ, ಎರಡು ದೋಸೆ. ಟಿ. ನರಸೀಪುರದ ನಮ್ಮ ಬೀದಿಯಲ್ಲಿ ಎಂಟೂವರೆಯ ಹೊತ್ತಿಗೆ ಒಂದು ಮೌನ ಇಳಿಯುತ್ತದೆ. ಮನೆಮನೆಯ ಕುಕ್ಕರುಗಳೂ ಕೂಗಿ ಸುಸ್ತಾಗಿರುತ್ತವೆ. ಆಗ ನಾನು ಎರಡನೇ ಲೋಟ ಕಾಫಿ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಕೂತೆ. ಒಂದು ಗುಟುಕು ಕುಡಿದಿದ್ದೆನೋ ಇಲ್ಲವೋ.

“ಸೈಲಾ, ಬಾವ್ವ ಇಲ್ಲಿ” ಎಂದು ಅತ್ತೆ ದೇವರ ಕೋಣೆಯಿಂದ ಕರೆದರು.

ನನ್ನ ಹೆಸರು ಶೈಲ. ಅತ್ತೆ ಕಳಲೆ ಎಂಬ ಹಳ್ಳಿಯವರು; ಅವರ ಬಾಯಲ್ಲಿ ಮದುವೆಯಾದ ದಿನದಿಂದ ನಾನು ಸೈಲ. ಕಾನ್ವೆಂಟಿನಲ್ಲಿ ಏಳು ವರ್ಷ ಸಿಸ್ಟರುಗಳು ನನ್ನನ್ನು ‘ಶೀಲಾ’ ಮಾಡಲು ನೋಡಿ ಸೋತಿದ್ದರು. ಅತ್ತೆ ಒಂದೇ ದಿನದಲ್ಲಿ ಗೆದ್ದರು.

ಅವರು ಯಾಕೆ ಕರೆದರು ಎನ್ನುವುದಕ್ಕೆ ಮುಂಚೆ ಅವರ ಕಣ್ಣಿನ ವಿಷಯ ಹೇಳಿಬಿಡಬೇಕು. ಎರಡು ಸಾವಿರದ ಆರೋ ಏಳೋ ಇರಬೇಕು, ಸರಿಯಾಗಿ ನೆನಪಿಲ್ಲ. ಆ ಸೋಮವಾರಕ್ಕೆ ಮೂರು ವಾರ ಮೊದಲು ಮೈಸೂರಿನಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದವರು, ಅದನ್ನು ತೆಗೆದ ದಿನದಿಂದ ಒಂದೊಂದನ್ನೇ ಕಂಡುಹಿಡಿಯತೊಡಗಿದರು. ಫ್ಯಾನಿನ ರೆಕ್ಕೆಯ ಮೇಲಿನ ಧೂಳು. ನನ್ನ ಸೆರಗಿನಲ್ಲಿ ಎರಡು ವರ್ಷದಿಂದ ನಾನು ಒಳಮಡಿಕೆಗೆ ತಿರುಗಿಸಿ ಉಡುತ್ತಿದ್ದ ಅರಿಶಿನದ ಕಲೆ. ಪಕ್ಕದ ಮನೆಯ ಮಾದೇವಮ್ಮ ನೋಡಲು ಬಂದಾಗ, ಅವರ ಮುಖವನ್ನು ಒಂದು ನಿಮಿಷ ದಿಟ್ಟಿಸಿ, “ನಿಂಗೂ ವಯಸ್ಸಾಗೋಯ್ತಲ್ಲೇ” ಎಂದು ಮರುಗಿದರು. ಮಾದೇವಮ್ಮ ಒಂದು ದಿನ ನಮ್ಮ ಮನೆಗೆ ಬರಲಿಲ್ಲ. ಎರಡನೇ ದಿನ ಅವರ ಟಿ.ವಿ. ಕೆಟ್ಟಿತು, ಸಂಜೆಯ ಧಾರಾವಾಹಿಗೆ ಬಂದರು. ಅಂದಿನಿಂದ ದಿನವೂ ಬರುತ್ತಿದ್ದರು.

ಆದರೆ ಅತ್ತೆಯ ನಿಜವಾದ ಶೋಧ ದೇವರ ಪಟದ್ದು. ಶಿವ, ಪಾರ್ವತಿ, ನಡುವೆ ಗಣಪ, ಕೆಳಗೆ ಬಸವ, ಅವರೆಲ್ಲ ಕೂತ ಹುಲಿಚರ್ಮ. ಮದುವೆಯಾಗಿ ಬರುವಾಗ ಅವರ ತಾಯಿ ಕೊಟ್ಟ ಪಟ ಅದು. ಸುಣ್ಣ ಬಳಿಯುವಾಗ ಯಾವಾಗಲೋ ಅದರ ಗಾಜು ಒಡೆದಿತ್ತು. ಹೊಸ ಗಾಜು ಹಾಕಿಸುವುದು ನಾಳೆ ನಾಡಿದ್ದಾಯಿತು. ಅತ್ತೆ ಮಾತ್ರ ಗಾಜು ಇದ್ದಾಗ ಹೇಗೋ ಹಾಗೇ ಪ್ರತಿದಿನ ಒದ್ದೆ ಬಟ್ಟೆಯಲ್ಲಿ ಪಟವನ್ನು ಒರೆಸುತ್ತಲೇ ಬಂದರು. ಭಕ್ತಿ ಹೆಚ್ಚಿದ್ದ ಕಡೆ ಬಟ್ಟೆಯೂ ಹೆಚ್ಚು ಓಡಾಡಿತು. ಆಪರೇಷನ್ನಿನ ನಂತರ ಮೊದಲ ಸೋಮವಾರ ಅವರು ಪಟದ ಮುಂದೆ ಕೈಮುಗಿದು ನಿಂತು, ಕೈ ಇಳಿಸದೆಯೇ ನನ್ನನ್ನು ಕೇಳಿದರು: “ಪಾರ್ವತಮ್ಮನ ಕಣ್ಣು ಎಲ್ಲೋದ್ವೇ?”

ಕಣ್ಣುಗಳು ಅಳಿಸಿಹೋಗಿ ಐದಾರು ವರ್ಷವಾಗಿತ್ತು. ನಾನು ಬಂದಾಗಲೇ ಮಸುಕಾಗಿದ್ದವು. ಅತ್ತೆಗೆ ಗೊತ್ತಿದೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಪಾಪ, ಕಣ್ಣಿಲ್ಲದ ದೇವಿಯ ಮುಂದೆ ಕಣ್ಣು ಕಾಣದ ಅತ್ತೆ ಅಷ್ಟು ವರ್ಷ ನಿಂತಿದ್ದರು. ಇಬ್ಬರಿಗೂ ಪರಸ್ಪರರ ಕೊರತೆ ತಿಳಿದಿರಲಿಲ್ಲ.

ಅವರ ಮುಖ ನೋಡಲಾರದೆ ನಾನು, “ನಾನು ಬರೆದುಕೊಡ್ತೀನಿ ಬಿಡಿ ಅತ್ತೆ” ಎಂದುಬಿಟ್ಟೆ. ನನ್ನ ಹತ್ತಿರ ದಿಂಬಿನ ಕವರುಗಳ ಮೇಲೆ ಗುಲಾಬಿ ಬಿಡಿಸುವ ಫ್ಯಾಬ್ರಿಕ್ ಪೇಂಟಿನ ಪುಟ್ಟ ಸೀಸೆಗಳಿದ್ದವು. ಶಾಲೆಯ ಕಾಲದ ಒಂದು ಬ್ರಷ್ಷೂ ಇತ್ತು. ಅದು ಈಗ ಹೊಲಿಗೆ ಯಂತ್ರದ ಬಾಬಿನ್ನಿನ ಸಂದಿಯಿಂದ ಧೂಳು ತೆಗೆಯುವ ಕೆಲಸಕ್ಕೆ ಇಳಿದಿತ್ತು. ತೊಳೆದು, ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಉಸಿರು ಬಿಗಿಹಿಡಿದು ಪಾರ್ವತಿಗೆ ಎರಡು ಕಣ್ಣು ಬರೆದೆ. ಒಣಗಲಿ ಎಂದು ಪಟವನ್ನು ಫ್ರಿಜ್ಜಿನ ಮೇಲಿಟ್ಟೆ.

ಆ ಸೋಮವಾರ ಬೆಳಗ್ಗೆ ಅತ್ತೆ ಅದನ್ನು ದೇವರ ಕೋಣೆಗೆ ಒಯ್ದಿದ್ದರು. ನಾನು ಹೋಗಿ ನೋಡಿದರೆ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಾರೆ.

“ಇದ್ಯಾರ ಕೂದ್ಲವ್ವ?”

ಬಲಗಣ್ಣಿನ ಮೇಲಂಚಿನಲ್ಲಿ ಒಂದು ಕೂದಲು ಬಣ್ಣದೊಳಗೇ ಕೂತುಬಿಟ್ಟಿತ್ತು. ಎಳ್ಳುಕಾಳಿನಷ್ಟು ಉದ್ದ ಬಣ್ಣದೊಳಗೆ, ಅಷ್ಟೇ ಉದ್ದ ಹೊರಗೆ, ಕೊನೆಯಲ್ಲಿ ಕೊಂಚ ಮೇಲಕ್ಕೆ ಬಾಗಿ.

ಇಲ್ಲಿ ನಾನು ತಪ್ಪು ಮಾಡಿದೆ. ‘ನನ್ನದೇ ಅತ್ತೆ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಡಿಗೆಯಲ್ಲಿ ಸಿಕ್ಕಿದರೂ ಪೂಜೆಯಲ್ಲಿ ಸಿಕ್ಕಿದರೂ ಸೊಸೆಯ ಕೂದಲಿಗೆ ನಮ್ಮ ಮನೆಗಳಲ್ಲಿ ಪರಿಹಾರವಿದೆ: ಎರಡು ಬೈಗುಳ, ಒಂದು ತಲೆಸ್ನಾನ. ಆದರೆ ನನಗೆ ಆಗ ಸೊಂಟದವರೆಗೆ ಕಪ್ಪು ಕೂದಲಿತ್ತು, ಅದರ ಜೊತೆಗೆ ಅದರ ಗರ್ವವೂ ಇತ್ತು. “ನನ್ನ ಕೂದಲು ಹೀಗೆ ಕೆಂಚಗಿದೆಯಾ ಅತ್ತೆ? ಅದು ಬ್ರಷ್ಷಿಂದು” ಎಂದೆ.

“ಬ್ರಸ್ಸು ಮರದ್ದಲ್ವಾ? ಮರಕ್ಕೆ ಎಲ್ಲಿಂದ ಬಂತು ಕೂದ್ಲು?”

“ಯಾವುದೋ ಪ್ರಾಣೀದು ಹಾಕಿರ್ತಾರೆ.”

“ಯಾವ ಪ್ರಾಣಿ?”

ಗೊತ್ತಿರಲಿಲ್ಲ. ಹದಿನೈದು ವರ್ಷ ಆ ಬ್ರಷ್ಷು ನನ್ನೊಂದಿಗಿತ್ತು, ಒಂದು ದಿನವೂ ನಾನು ಅದನ್ನು ಕೇಳಿರಲಿಲ್ಲ. ಉಗುರಿನಿಂದ ಕೂದಲನ್ನು ಮೀಟಿ ನೋಡಿದೆ. ಬಣ್ಣ ರಬ್ಬರಿನ ಹಾಗೆ ಅದರೊಂದಿಗೇ ಏಳತೊಡಗಿತು, ಬಣ್ಣದ ಹಿಂದೆ ಹಳೆಯ ಕಾಗದವೂ. ಕೂದಲು ತೆಗೆದರೆ ದೇವಿಯ ಕಣ್ಣು ಮಾತ್ರವಲ್ಲ, ಕಣ್ಣಿದ್ದ ಜಾಗವೂ ಕಿತ್ತುಬರುವಂತಿತ್ತು. ಅತ್ತೆ ನನ್ನ ಕೈ ಹಿಡಿದು ತಡೆದರು.

ಆಮೇಲೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು: ದೇವರ ಮುಖದ ಮೇಲೆ ಯಾವ ಪ್ರಾಣಿಯ ಕೂದಲಿದೆ ಎಂದು ತಿಳಿಯದೆ ಅವರು ಅದರ ಮುಂದೆ ದೀಪ ಹಚ್ಚುವುದಿಲ್ಲ. “ಅಂದೀದೋ ನಾಯೀದೋ ಆಗಿದ್ರೆ ಸಂಗಮದ ನೀರ್ಗೆ ಬುಟ್ಬುಡಾನ. ನಮ್ಮವ್ವಂಗೆ ನಾನ್ ಏಳ್ಕತೀನಿ.” ಅವರ ಅವ್ವ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಆ ಮಾತು ಹೇಳುವಾಗ ಅತ್ತೆ ನನ್ನತ್ತ ನೋಡಲಿಲ್ಲ. ಪಟವನ್ನು ಗೂಡಿನಲ್ಲಿಟ್ಟು ಗೋಡೆಗೆ ಮುಖಮಾಡಿ ತಿರುಗಿಸಿದರು.

ಅತ್ತೆಗೆ ಸೋಮವಾರ ಒಪ್ಪತ್ತು. ಬೆಳಗ್ಗೆ ಲಿಂಗಪೂಜೆ, ಆಮೇಲೆ ಒಂದು ಲೋಟ ಕಾಫಿ. ಸಂಜೆ ಈ ಪಟಕ್ಕೆ ಹೂವಿಟ್ಟು ದೀಪ ಹಚ್ಚಿದ ಮೇಲೇ ಊಟ. ಕಣ್ಣಿನ ಡಾಕ್ಟರು ಕೊಟ್ಟಿದ್ದ ಮಾತ್ರೆಯನ್ನು ಊಟದ ನಂತರವೇ ನುಂಗಬೇಕಿತ್ತು. ದೀಪವಿಲ್ಲ ಎಂದರೆ ಊಟವಿಲ್ಲ, ಮಾತ್ರೆಯೂ ಇಲ್ಲ. ನಾನು ಕಾನ್ವೆಂಟಿನ ಬುದ್ಧಿ ಉಪಯೋಗಿಸಿ ವಾದ ಹೂಡಿದೆ: ಶಿವ ಕೂತಿರುವುದೇ ಹುಲಿಯ ಚರ್ಮದ ಮೇಲೆ, ನೀವು ಇಷ್ಟು ವರ್ಷ ಅದನ್ನೂ ಒರೆಸಿದ್ದೀರಲ್ಲ, ಅದರಲ್ಲಿ ಎಷ್ಟು ಕೂದಲಿಲ್ಲ?

“ಅವನು ಸುಡುಗಾಡಲ್ಲೂ ಇರ್ತಾನೆ” ಎಂದರು ಅತ್ತೆ. “ನೀನು ನಾಳಿಂದ ಅಲ್ಲೇ ಒಲೆ ಊಡ್ತೀಯಾ?”

ಕಾಫಿ ಆರಿಹೋಗಿತ್ತು.

ಬ್ರಷ್ಷನ್ನು ತಂದು ನೋಡಿದೆ. ಹಿಡಿಯ ಮೇಲೆ ಬಂಗಾರದ ಅಕ್ಷರದಲ್ಲಿ ಪ್ರಾಣಿಯ ಹೆಸರನ್ನು ಅಚ್ಚು ಹಾಕಿರುತ್ತಾರೆ. ನನ್ನದರಲ್ಲಿ ಕೊನೆಗೆ ‘ಹೇರ್’ ಎಂಬ ಇಂಗ್ಲಿಷ್ ಪದವೂ ಎರಡು ಎಂಬ ಅಂಕಿಯೂ ಮಾತ್ರ ಉಳಿದಿದ್ದವು. ಅದರ ಹಿಂದಿನ ಪದವಿದ್ದ ಜಾಗದಲ್ಲಿ ಸಾಲಾಗಿ ಹಲ್ಲಿನ ಗುರುತು. ಹಲ್ಲು ನನ್ನವೇ. ಯೋಚನೆ ಮಾಡುವಾಗ ಬ್ರಷ್ಷಿನ ಹಿಡಿ ಕಚ್ಚುವುದು ನನ್ನ ಅಭ್ಯಾಸವಾಗಿತ್ತು. ಏಳನೇ ಕ್ಲಾಸಿನ ಯಾವುದೋ ಒಂದು ಶುಕ್ರವಾರ, ಯಾವುದೋ ಸೂರ್ಯಾಸ್ತದ ಚಿತ್ರದ ನಡುವೆ, ಆ ಪ್ರಾಣಿಯ ಹೆಸರನ್ನು ನಾನು ತಿಂದುಬಿಟ್ಟಿದ್ದೆ.

ಹತ್ತೂವರೆಯ ಬಸ್ಸಿಗೆ ನಂಜನಗೂಡಿಗೆ ಹೊರಟೆ. ಒಂದು ಕೂದಲಿಗಾಗಿ ಬಸ್ಸು ಹತ್ತಿದ ಗೃಹಿಣಿ ಆ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಯಜಮಾನರಿಗೆ ಫೋನು ಮಾಡಿ ಹೇಳೋಣವೆಂದುಕೊಂಡೆ. ಆಫೀಸಿನಲ್ಲಿ ಆ ಮಾತನ್ನು ಅವರು ಯಾರಿಗಾದರೂ ವಿವರಿಸಬೇಕಾಗಿ ಬಂದರೆ ಎಂದು ಸುಮ್ಮನಾದೆ.

ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ. ಅಪ್ಪನಿಗೆ ಬೆಲ್ಲದ ಅಂಗಡಿಯಿತ್ತು. ಈಗ ಅಪ್ಪ ಅಮ್ಮ ಇಬ್ಬರೂ ಮೈಸೂರಿನಲ್ಲಿ ಅಣ್ಣನ ಜೊತೆಗಿದ್ದಾರೆ. ಬಸ್ಸಿನ ಕಿಟಕಿಯ ಪಕ್ಕ ಕೂತು, ಬ್ರಷ್ಷನ್ನು ಬ್ಯಾಗಿನಿಂದ ತೆಗೆದು, ಅದರ ತುದಿಯನ್ನು ಕೆನ್ನೆಗೆ ಸವರಿಕೊಂಡೆ. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಆಚೆ ಸರಿದರು.

ಅದನ್ನು ನನಗೆ ಕೊಟ್ಟವರು ಡ್ರಾಯಿಂಗಿನ ಸಿಸ್ಟರ್ ಅಗ್ನೆಸ್. ಬಹುಮಾನವಾಗಿ. ಚಿತ್ರ ಚೆನ್ನಾಗಿದ್ದಕ್ಕಲ್ಲ, ಹಾಳೆ ಚೊಕ್ಕಟವಾಗಿದ್ದಕ್ಕೆ. ನನ್ನ ಜೀವನದ ಎಲ್ಲ ಬಹುಮಾನಗಳೂ ಹೀಗೆಯೇ. ಚೊಕ್ಕಟಕ್ಕೆ, ಹಾಜರಿಗೆ, ಸದ್ದು ಮಾಡದೆ ಕುಳಿತಿದ್ದಕ್ಕೆ. ಸಿಸ್ಟರ್ ಅದನ್ನು ಕೊಡುವಾಗ, “ಇದನ್ನು ಒತ್ತಬೇಡ ಮಗು, ಅದಕ್ಕೆ ನೋವಾಗ್ತದೆ” ಎಂದಿದ್ದರು. ನಾನು ಎಷ್ಟು ನಂಬಿದ್ದೆನೆಂದರೆ ಆ ವರ್ಷದ ನನ್ನ ಚಿತ್ರಗಳಲ್ಲಿ ಮರಗಳೆಲ್ಲ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತವೆ.

ಮೆತ್ತಗಿರುವ ಬ್ರಷ್ಷುಗಳನ್ನೆಲ್ಲ ಸಿಸ್ಟರ್ ‘ಕ್ಯಾಮಲ್ ಹೇರ್’ ಎನ್ನುತ್ತಿದ್ದರು. ಹಾಗಾಗಿ ಬಹಳ ದಿನ ನಾನು ಅದನ್ನು ಒಂಟೆಯದೆಂದೇ ತಿಳಿದಿದ್ದೆ. ಒಮ್ಮೆ ನಮ್ಮ ಬೀದಿಗೆ ನಿಜವಾದ ಒಂಟೆಯೇ ಬಂತು. ಉತ್ತರದ ಕಡೆಯ ಒಬ್ಬ ಮನುಷ್ಯ ಅದರ ಮೇಲೆ ಮಕ್ಕಳನ್ನು ಕೂರಿಸಿ ಬೀದಿಯ ಆ ತುದಿಯಿಂದ ಈ ತುದಿಗೆ ಒಯ್ಯುತ್ತಿದ್ದ. ಎಲ್ಲರೂ ಹತ್ತಲು ಸಾಲು ನಿಂತರೆ ನಾನು ಹತ್ತಲಿಲ್ಲ. ಅದರ ತೊಡೆಯನ್ನು ಮುಟ್ಟಿ ನೋಡಿದೆ. ತೆಂಗಿನ ನಾರಿನ ಕಾಲೊರಸು. ಕೈಗೆ ಹತ್ತಿದ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ. ಆಗಲೂ ನಾನು ಸಿಸ್ಟರನ್ನು ಸಂಶಯಿಸಲಿಲ್ಲ, ಒಂಟೆಯನ್ನೇ ಸಂಶಯಿಸಿದೆ. ಸಿಸ್ಟರು ಹೇಳುವ ಒಂಟೆ ಬೇರೆ ಇರಬೇಕು, ಕ್ರಿಸ್‌ಮಸ್ ಕಾರ್ಡಿನಲ್ಲಿ ಮೂವರು ರಾಜರನ್ನು ಹೊತ್ತು ಬರುತ್ತದಲ್ಲ, ಆ ಜಾತಿಯದು. ಅದರ ಕೂದಲು ಮೆತ್ತಗಿದ್ದೀತು ಎಂದು ಸಮಾಧಾನ ಮಾಡಿಕೊಂಡೆ.

ಬ್ರಷ್ಷು ಮಾಡುವ ಪ್ರಯೋಗಗಳೂ ನಡೆದಿದ್ದವು. ಎದುರುಮನೆಯ ಬೆಕ್ಕು ಬಾಲ ಕೊಡಲಿಲ್ಲ, ಮೊಣಕೈ ಮೇಲೆ ಮೂರು ಗೆರೆ ಕೊಟ್ಟಿತು. ಕೊನೆಗೆ ನನ್ನ ಜಡೆಯ ತುದಿಯನ್ನೇ ಕತ್ತರಿಸಿ, ತೆಂಗಿನಕಡ್ಡಿಗೆ ದಾರದಲ್ಲಿ ಬಿಗಿದು, ಬಣ್ಣದಲ್ಲಿ ಅದ್ದಿದೆ. ಅದು ಬಣ್ಣ ಕುಡಿಯಲೂ ಇಲ್ಲ, ಚೂಪಾಗಲೂ ಇಲ್ಲ, ಪೊರಕೆಯ ಮರಿಯ ಹಾಗೆ ಕೆದರಿ ನಿಂತಿತು. ಮನುಷ್ಯರ ಕೂದಲಿಗೆ ಅಲಂಕಾರ ಮಾಡಿಸಿಕೊಳ್ಳುವುದಷ್ಟೇ ಗೊತ್ತು, ಕೆಲಸ ಗೊತ್ತಿಲ್ಲ ಎಂದು ಆಗಲೇ ತಿಳಿಯಿತು.

ಇನ್ನೊಂದನ್ನು ಹೇಳಿದರೆ ನೀವು ಮುಖ ಕಿವಿಚುತ್ತೀರಿ. ಬ್ರಷ್ಷಿನ ತುದಿ ಚೂಪಾಗಲೆಂದು ನಾವು ಅದನ್ನು ಬಾಯಿಗಿಟ್ಟು ತುಟಿಯಲ್ಲಿ ಎಳೆಯುತ್ತಿದ್ದೆವು. ಇಡೀ ಕ್ಲಾಸು. ಮನೆಗೆ ಬಂದ ಕೂಡಲೇ ಅಮ್ಮ ನಾಲಗೆ ನೋಡಿ, ಹಸಿರಿದ್ದರೆ ಇವತ್ತು ಶುಕ್ರವಾರ, ಡ್ರಾಯಿಂಗ್ ಪೀರಿಯಡ್ಡಿತ್ತು ಎಂದು ಹೇಳುತ್ತಿದ್ದಳು. ಮೊಟ್ಟೆ ಬೆರೆತಿದ್ದೀತೆಂದು ಬೇಕರಿಯ ಕೇಕನ್ನೂ ಒಳಗೆ ಬಿಡದ ಮನೆ ನಮ್ಮದು.

ಆ ಬ್ರಷ್ಷುಗಳನ್ನು ಮೈಸೂರಿನಿಂದ ಶಾಲೆಗೆ ತಂದುಕೊಡುತ್ತಿದ್ದವರು ಬೋರ್ಡು ಬರೆಯುವ ನಂಜುಂಡಣ್ಣ. ನಂಜನಗೂಡಿನಲ್ಲಿ ನಂಜುಂಡ ಎಂದು ಕೂಗಿದರೆ ಹತ್ತು ತಲೆ ತಿರುಗುತ್ತವೆಯಾದ್ದರಿಂದ ಅವರು ಪ್ರತಿ ಬೋರ್ಡಿನ ಮೂಲೆಯಲ್ಲೂ ‘ನಂಜು ಆರ್ಟ್ಸ್’ ಎಂದು ಸಣ್ಣಗೆ ರುಜು ಹಾಕುತ್ತಿದ್ದರು. ಅಪ್ಪನ ಅಂಗಡಿಯ ಬೋರ್ಡೂ ಅವರದೇ. ಬೆಲ್ಲದ ‘ಲ್ಲ’ದ ಬಾಲವನ್ನು ಅವರು ಒಂದೇ ಉಸಿರಿನಲ್ಲಿ ಎಳೆದದ್ದನ್ನು ನಾನು ಎದುರು ಜಗಲಿಯ ಮೇಲೆ ಕೂತು ನೋಡಿದ್ದೆ. ಈ ಬ್ರಷ್ಷಿನ ಕುಲ ಗೋತ್ರ ತಿಳಿದವರು ಇದ್ದರೆ ಅವರೇ.

ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಅವರ ಅಂಗಡಿ ಇತ್ತು, ಆದರೆ ಅಂಗಡಿಯ ಬೋರ್ಡು ಫ್ಲೆಕ್ಸಿನದಾಗಿತ್ತು. ನಂಜುಂಡಣ್ಣ ನೆಲದ ಮೇಲೆ ಕೂತು ಮರದ ಚೌಕಟ್ಟಿಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಬಡಿಯುತ್ತಿದ್ದರು. ನನ್ನನ್ನು ಗುರುತು ಹಿಡಿದು, ಅಪ್ಪನ ಆರೋಗ್ಯ ವಿಚಾರಿಸಿ, ಸ್ಟೂಲು ಒರೆಸಿ ಕೊಟ್ಟರು. ಬರವಣಿಗೆ ಬಿಟ್ಟಿರಾ ಎಂದು ಕೇಳಿದೆ.

“ಈಗ ಕಂಪ್ಯೂಟ್ರು ಬರೀತದೆ ಮೇಡಂ, ನಾನು ಮೊಳೆ ಒಡೀತೀನಿ” ಎಂದರು.

ನಾನು ಬಂದ ಕಾರಣ ಕೇಳಿ ಅವರು ನಗಲಿಲ್ಲ. ಅದರಿಂದ ನನಗೆ ಬಹಳ ಸಮಾಧಾನವಾಯಿತು. ಸುತ್ತಿಗೆ ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು ಬಂದು, ಬ್ರಷ್ಷನ್ನು ನೀರಿನಲ್ಲಿ ಅದ್ದಿ ಒಂದು ಸಲ ಝಾಡಿಸಿದರು. ಕೂದಲೆಲ್ಲ ಒಟ್ಟಾಗಿ ಸೂಜಿಯಾಯಿತು. ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದರು. ಗೆರೆಯ ಕೊನೆಯಲ್ಲಿ ಬ್ರಷ್ಷನ್ನು ಎತ್ತಿದರೆ ಅದು ಟಪ್ಪನೆ ನೆಟ್ಟಗಾಯಿತು. ಅವರ ಹುಬ್ಬು ಮೇಲೇರಿತು.

“ಇದು ಅಂದೀದಲ್ಲ ಬುಡಿ. ನಿಮ್ಮತ್ತೆಯವ್ರಿಗೆ ಮೊದ್ಲು ಅದ್ನ ಏಳಿ.”

ಹಂದಿಯ ಕೂದಲು ತುದಿಯಲ್ಲಿ ಎರಡಾಗಿ ಸೀಳಿರುತ್ತದಂತೆ. ಸೀಳಿನಲ್ಲಿ ಬಣ್ಣ ಹಿಡಿಯುತ್ತದೆ, ಅದಕ್ಕೇ ಗೋಡೆಗೆ ಬಳಿಯಲು ಅದು ಒಳ್ಳೆಯದು. ಉದ್ದ ಗೆರೆಗೆ ಎತ್ತಿನ ಕಿವಿಯೊಳಗಿನ ಕೂದಲು; ಅಪ್ಪನ ಅಂಗಡಿಯ ‘ಲ್ಲ’ದ ಬಾಲ ಅದರಲ್ಲೇ ಎಳೆದದ್ದು. ಅಳಿಲಿನ ಬಾಲದ್ದು ನೀರು ಚೆನ್ನಾಗಿ ಕುಡಿಯುತ್ತದೆ, ಆದರೆ ಅದಕ್ಕೆ ಬೆನ್ನುಮೂಳೆ ಇಲ್ಲ, ಬಾಗಿಸಿದರೆ ಬಾಗಿಯೇ ಇರುತ್ತದೆ. ಆಡಿನದೂ ಹಾಗೆಯೇ. ಮತ್ತೆ ಒಂಟೆ? ಒಂಟೆಯ ಕೂದಲಲ್ಲಿ ಬ್ರಷ್ಷು ಮಾಡಲಿಕ್ಕೇ ಬರುವುದಿಲ್ಲ, ಕಂಬಳಿ ಬೇಕಾದರೆ ಮಾಡಬಹುದು. ‘ಕ್ಯಾಮಲ್’ ಎನ್ನುವುದು ಬರೀ ಅಂಗಡಿಯವರ ಮಾತು. ನನ್ನ ಮೂವರು ರಾಜರ ಒಂಟೆ ಅಲ್ಲೇ ಮರಳಿನಲ್ಲಿ ಮಾಯವಾಯಿತು. ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಅತ್ತೆಯ ಹಸಿವು ಒಂದು ಗಳಿಗೆ ಮರೆತೇಹೋಗಿತ್ತು ಎಂದರೆ ಸುಳ್ಳಲ್ಲ.

ಅವರು ಬ್ರಷ್ಷಿನಿಂದ ಒಂದು ಕೂದಲನ್ನು ಕಿತ್ತು ಬಿಳಿ ಹಾಳೆಯ ಮೇಲಿಟ್ಟರು.

“ನೋಡಿ. ತುದಿ ಕಪ್ಪು, ಮಧ್ಯ ಬೆಳ್ಗೆ, ಬುಡ ಮತ್ತೆ ಕಪ್ಪು. ಇಂಗೆ ಪಟ್ಟೆ ಪಟ್ಟೆ ಇದ್ರೆ ಒಂದೇ. ಮುಂಗ್ಸಿ.”

ನಾನು ಹಾಳೆಯ ಮೇಲೆ ಬಗ್ಗಿದೆ. ಇತ್ತು. ಹದಿನೈದು ವರ್ಷ ಕೈಯಲ್ಲಿ ಹಿಡಿದೂ ನೋಡದ ಮೂರು ಪಟ್ಟೆ, ಒಂದು ಅಂಗುಲವೂ ಇಲ್ಲದ ಒಂದು ಕೂದಲಿನಲ್ಲಿ.

ಬಾಲದಿಂದ ಕತ್ತರಿಸಿಕೊಂಡು ಬಿಟ್ಟುಬಿಡುತ್ತಾರಾ ಎಂದು ಕೇಳಿದೆ. ನಂಜುಂಡಣ್ಣ ಉಗುರಿನ ಮೇಲಿನ ಗೆರೆ ಒರೆಸಿಕೊಂಡರು. “ಮುಂಗ್ಸಿ ಏನ್ ಕುರಿಯಾ ಮೇಡಂ, ಇಡ್ಕೊಂಡು ಕತ್ತರಿಸಿ ಬುಟ್ಬುಡಕ್ಕೆ.” ಆಗ ಎಲ್ಲ ಅಂಗಡಿಯಲ್ಲೂ ರಾಜಾರೋಷವಾಗಿ ಸಿಗುತ್ತಿತ್ತಂತೆ, ಈಗ ಅದು ಅಪರಾಧ, ತಾವು ತರುವುದಿಲ್ಲ ಎಂದರು. ಹೊರಡುವಾಗ ಹೊಸದೊಂದು ಬ್ರಷ್ಷು ನನ್ನ ಕೈಗಿಟ್ಟರು, ಮಗಳಿಗೆ ಎಂದು. “ಇದು ನೈಲಾನು. ಅತ್ತೆಯವ್ರಿಗೂ ಇದೇ ಅಂದ್ಬುಡಿ. ಪ್ಲಾಸ್ಟಿಕ್ಕಿಗೆ ಜಾತಿ ಇಲ್ಲ.”

ವಾಪಸು ಬರುವ ಬಸ್ಸಿನಲ್ಲಿ ಎರಡು ಬ್ರಷ್ಷುಗಳೂ ನನ್ನ ಮಡಿಲಲ್ಲಿದ್ದವು. ನೈಲಾನು ಎಂಬ ಪದವನ್ನು ಅತ್ತೆಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಒಂದು ಸಣ್ಣ ಸುಳ್ಳು; ಪಟ ಉಳಿಯುತ್ತದೆ, ಅತ್ತೆ ಊಟ ಮಾಡುತ್ತಾರೆ, ಮಾತ್ರೆ ನುಂಗುತ್ತಾರೆ. ಮಾರಲ್ ಸೈನ್ಸಿನ ನೋಟ್‌ಬುಕ್ಕಿನಲ್ಲಿ ಇಂಥ ಸುಳ್ಳಿಗೆ ಬೇರೆ ಪುಟವೇನೂ ಇರಲಿಲ್ಲ, ಆದರೆ ಆ ನೋಟ್‌ಬುಕ್ಕಿನಲ್ಲಿ ಅತ್ತೆಯರೂ ಇರಲಿಲ್ಲ.

ಅಷ್ಟರಲ್ಲಿ ಮುಂಗುಸಿ ನೆನಪಿಗೆ ಬಂತು. ನಮ್ಮ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಕಲ್ಲುಗುಡ್ಡೆಯಿತ್ತು, ಅದರಲ್ಲಿ ಒಂದು ಮುಂಗುಸಿಯಿತ್ತು. ಅದು ಎದುರಾದರೆ ಒಳ್ಳೆಯದಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪರೀಕ್ಷೆಯ ಬೆಳಗ್ಗೆ ನಾವೆಲ್ಲ ಟ್ಯಾಂಕಿನ ಬಳಿ ಗುಂಪಾಗಿ ಉಸಿರಾಡದೆ ಕಾಯುತ್ತಿದ್ದೆವು. ಅದೃಷ್ಟ ಪುಸ್ತಕದಲ್ಲಿದೆ, ಕಲ್ಲುಗುಡ್ಡೆಯಲ್ಲಿಲ್ಲ ಎಂದು ಸಿಸ್ಟರ್ ಅಗ್ನೆಸ್ ನಮ್ಮನ್ನು ಅಟ್ಟುತ್ತಿದ್ದರು. ಇನ್‌ಸ್ಪೆಕ್ಷನ್ನಿನ ದಿನ ಮಾತ್ರ ಅವರೇ ಎರಡು ಸಲ ಆ ಕಡೆ ಹೋಗಿ ಬಂದದ್ದನ್ನು ನಾನು ಕಂಡಿದ್ದೆ. ಡ್ರಾಯಿಂಗ್ ಪರೀಕ್ಷೆಯ ದಿನ ನಾನು ಒಬ್ಬಳೇ ಹೋಗಿ ನಿಂತಿದ್ದೆ. ಅದು ಬಂತು. ಕಲ್ಲಿನ ಮೇಲೆ ಮುಂಗಾಲೆತ್ತಿ ನಿಂತು, ಕೆಂಪು ಕಣ್ಣಿನಿಂದ ನನ್ನನ್ನು ನೋಡಿತು. ಬಿಸಿಲಿಗೆ ಅದರ ಮೈಯೆಲ್ಲ ಎಳ್ಳು ಚೆಲ್ಲಿದ ಹಾಗೆ ಹೊಳೆಯುತ್ತಿತ್ತು. ನನ್ನ ಕೈಯಲ್ಲಿ ಈ ಬ್ರಷ್ಷಿತ್ತು, ಬಾಯಲ್ಲೂ ಇದ್ದಿರಬಹುದು.

ಅದರ ಬಂಧುವನ್ನು ಹಿಡಿದುಕೊಂಡು ಅದರ ಹತ್ತಿರವೇ ಅದೃಷ್ಟ ಕೇಳಲು ಹೋಗಿದ್ದೆ. ನೆನೆಸಿಕೊಂಡರೆ ಈಗಲೂ ನನಗೆ ಎಲ್ಲಾದರೂ ಮುಖ ಬಚ್ಚಿಟ್ಟುಕೊಳ್ಳೋಣ ಅನಿಸುತ್ತದೆ. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಮಾರ್ಕು ಬಂತು.

ಮನೆ ಸೇರುವಾಗ ಐದು ದಾಟಿತ್ತು. ಮಗಳು ಬಂದು, ತಿಂದು, ಆಟಕ್ಕೆ ಹೋಗಿದ್ದಳು. ಅತ್ತೆ ದೇವರ ಕೋಣೆಯ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ದೀಪದ ಕಂಬ ತೊಳೆದು ಬತ್ತಿ ಹಾಕಿತ್ತು. ಬುಟ್ಟಿಯಲ್ಲಿ ಸೇವಂತಿಗೆ ಇತ್ತು. ಪಟ ಇನ್ನೂ ಗೋಡೆಗೆ ಮುಖಮಾಡಿಯೇ ಇತ್ತು. ಬೆಳಗ್ಗಿನಿಂದ ಒಂದು ಲೋಟ ಕಾಫಿಯ ಮೇಲಿದ್ದ ಮುಖ ಸಣ್ಣಗಾಗಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಪರೇಷನ್ನಿಗೆ ಮುಂಚೆ ಆ ಕಣ್ಣಿಗೆ ನಾನು ಎಷ್ಟೋ ಸುಳ್ಳು ಹೇಳಿದ್ದೇನೆ. ಸೀರೆ ಹಳೆಯದು, ಹಾಲು ಉಕ್ಕಲಿಲ್ಲ, ತಲೆನೋವು. ಈಗ ಅದು ತೊಳೆದಿಟ್ಟ ಗಾಜಿನ ಹಾಗಿತ್ತು. ನೈಲಾನು ಬ್ರಷ್ಷನ್ನು ಬ್ಯಾಗಿನ ತಳಕ್ಕೆ ತಳ್ಳಿದೆ.

“ಮುಂಗುಸಿ ಅತ್ತೆ” ಎಂದೆ.

“ಅಂದಿ ಅಲ್ವಲ್ಲ?”

“ಅಲ್ಲ.”

ಅವರು ಎದ್ದಾರೆಂದು ಕಾದೆ. ಏಳಲಿಲ್ಲ. “ಬದುಕಿದ್ದುದ್ರದೋ ಸತ್ತುದ್ರದೋ?” ಎಂದು ಕೇಳಿದರು. ಈ ಪ್ರಶ್ನೆ ಅವರಿಗೆ ಅಷ್ಟು ಬೇಗ ಹೇಗೆ ಹೊಳೆಯಿತೋ. ನನಗೆ ಅದು ಹೊಳೆಯಲು ನಂಜನಗೂಡಿಗೆ ಹೋಗಬೇಕಾಗಿತ್ತು.

“ಕೊಂದೇ ತೆಗೀತಾ ಇದ್ರಂತೆ.”

ಅತ್ತೆ ಕೈ ಚಾಚಿದರು. ಹಳೆಯ ಬ್ರಷ್ಷನ್ನು ಕೊಟ್ಟೆ. ಅದರ ಕೂದಲನ್ನು ಅಂಗೈ ಮೇಲೆ ಬಿಡಿಸಿ ಹರಡಿದರು. ಒಂದು ಚಿಟಿಕೆಯೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಮಕ್ಕಳು ಕೂಗುತ್ತಿದ್ದರು. ಸಂಗಮಕ್ಕೆ ಆಟೋ ಹೇಳಬೇಕೇನೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

“ಇಷ್ಟಕ್ಕೆ ಒಂದ್ ಜೀವವಾ” ಎಂದರು. ಆಮೇಲೆ ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದರು: “ನನ್ನ ಕಣ್ಣೊಳೀಕೂ ಡಾಕ್ಟ್ರು ಅದೇನೋ ಇಟ್ಟವ್ರೆ. ಏನು ಎತ್ತ ಅಂತ ನಾನ್ ಕೇಳ್ದುನಾ? ಕಾಣ್ತದೆ ಅಂತ ಸುಮ್ಕಿವ್ನಿ. ಇರ್ಲಿ ಬುಡು ಆ ಕೂದ್ಲು, ಅಲ್ಲೇ ಇರ್ಲಿ. ಸತ್ತಿದ್ದಕ್ಕೆ ಅದ್ಕೂ ಅಷ್ಟಾದ್ರೂ ಸಿಗ್ಲಿ.”

ಎದ್ದು ಪಟವನ್ನು ತಿರುಗಿಸಿದರು. ಸೆರಗಿನ ತುದಿಯಿಂದ ಚೌಕಟ್ಟನ್ನು ಮಾತ್ರ ಒರೆಸಿದರು. ಒದ್ದೆ ಬಟ್ಟೆ ಅವತ್ತಿಂದ ಪಟದ ಮೇಲೆ ಹರಿದಾಡಲಿಲ್ಲ. ದೀಪ ಹಚ್ಚಿ, ಸೇವಂತಿಗೆ ಎತ್ತಿಕೊಂಡು, ಗಕ್ಕನೆ ನಿಂತರು.

“ಅಲ್ಲಾ, ಪಕ್ಕದಲ್ಲೇ ಆವು ಅದಲ್ಲೇ.”

ಹೌದು, ಶಿವನ ಕೊರಳ ನಾಗರಹಾವು ಪಾರ್ವತಿಯ ಬಲಗಣ್ಣಿನತ್ತಲೇ ಹೆಡೆ ಬಿಚ್ಚಿತ್ತು. ಹಾವಿಗೂ ಮುಂಗುಸಿಗೂ ಇರುವ ವೈರ ನನಗೆ ಆ ತನಕ ಹೊಳೆದೇ ಇರಲಿಲ್ಲ. ಅತ್ತೆ ಬುಟ್ಟಿಯಲ್ಲಿ ಹುಡುಕಿ ಎಲ್ಲಕ್ಕಿಂತ ದಪ್ಪನೆಯ ಹೂವು ಆರಿಸಿ, ಹಾವಿಗೂ ಕಣ್ಣಿಗೂ ನಡುವೆ ಸಿಕ್ಕಿಸಿದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಹೂವನ್ನು ಇನ್ನಷ್ಟು ಹಾವಿನ ಕಡೆಗೆ ಸರಿಸಿ, ಕೈಮುಗಿದರು. ಅವತ್ತಿನಿಂದ ಸೋಮವಾರದ ಮೊದಲ ಹೂವು ಆ ಜಾಗಕ್ಕೇ ಮೀಸಲಾಯಿತು.

ನಾನು ತಟ್ಟೆ ಹಾಕಿದೆ. ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ. ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಧಾರಾವಾಹಿಯ ಹೊತ್ತಾಗಿ ಮಾದೇವಮ್ಮ ಬಂದರು. ಟಿ.ವಿ.ಯಲ್ಲಿ ಇನ್ನೂ ಜಾಹೀರಾತು ಬರುತ್ತಿತ್ತು. ಅವರು ಅತ್ತ ದೇವರ ಕೋಣೆಗೆ ಇಣುಕಿ, ಕೆನ್ನೆ ತಟ್ಟಿಕೊಂಡು, ಬಗ್ಗಿ ಪಟವನ್ನು ಹತ್ತಿರದಿಂದ ನೋಡಿದರು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಅತ್ತೆ ತುತ್ತು ಕಲಸುವುದನ್ನು ನಿಲ್ಲಿಸಿದರು.

“ಕಣ್ಣು ಸಂದಾಗಿ ಬರ್ದಿದ್ದೀಯ ಕಣವ್ವ” ಎಂದರು ಮಾದೇವಮ್ಮ, ಟಿ.ವಿ. ಕಡೆಗೆ ತಿರುಗುತ್ತಾ. “ಈ ಬಲಗಣ್ಣಿನ ರೆಪ್ಪೆ ಅಂತೂ ಥೇಟು ನಿಜವಾದ್ದೇ. ಪುರ್ಸೊತ್ತಾದಾಗ ಎಡಗಣ್ಣಿಗೂ ಇಂಥದ್ದೇ ಒಂದು ಎಳ್ದುಬುಡು.”